ಹಗ್ಗ ಹಿಡಿದ ಸಗಾಯಮ್ಮ

ಹಿಂದೆ, ಬಹಳ ಹಿಂದೆ, ವಾರಗಳಿಗೆ ಹೆಸರಿದ್ದು ವರ್ಷಗಳಿಗೆ ಲೆಕ್ಕವಿಲ್ಲದ ಕಾಲದಲ್ಲಿ, ಸುಣ್ಣದಕೊಪ್ಪಲು ಎಂಬ ಒಂದು ಊರಿತ್ತು. ಆ ಊರಿನಲ್ಲಿ ಒಂದು ಮಂಗಳವಾರ ಸಗಾಯಮ್ಮ ಎಂಬ ಹೆಂಗಸು ಬೆಳಿಗ್ಗೆ ಎದ್ದು ಅಂಗಳ ಸಾರಿಸಿದಳು, ರಾಗಿ ಅಂಬಲಿ ಕಾಯಿಸಿದಳು, ಕೋಳಿಗಳನ್ನು ಬಿಟ್ಟಳು, ಗಂಡನ ಹಿಂದೆ ಬಾವಿಯ ಕೆಲಸಕ್ಕೆ ಹೊರಟಳು. ಸೋಮವಾರವೂ ಅವಳು ಇದನ್ನೇ ಮಾಡಿದ್ದಳು. ಬುಧವಾರವೂ ಇದನ್ನೇ ಮಾಡುತ್ತೇನೆ ಅಂದುಕೊಂಡಿದ್ದಳು.

ಅವಳ ಗಂಡ ಇನ್ನಾಸಪ್ಪ. ಬಾವಿ ತೋಡುವುದರಲ್ಲಿ ಅವನಂಥವನು ಸುತ್ತ ಹನ್ನೆರಡು ಊರಿನಲ್ಲಿ ಇರಲಿಲ್ಲವಂತೆ. ಒಂದು ಹಿಡಿ ಮಣ್ಣು ಮೂಸಿ ನೋಡಿ ನೀರು ಎಷ್ಟಾಳು ಕೆಳಗಿದೆ ಎಂದು ಹೇಳುತ್ತಿದ್ದನಂತೆ. ಅದು ಹೌದೋ ಅಲ್ಲವೋ, ಅವನು ತೋಡಿದ ಬಾವಿಗಳಂತೂ ಹೌದು. ಆ ವರ್ಷ ಊರವರು ಗುಡಿಯ ಹಿಂದೆ ಒಂದು ಬಾವಿ ತೋಡಿಸುತ್ತಿದ್ದರು. ಸುಣ್ಣದಕೊಪ್ಪಲು ಕ್ರೈಸ್ತರ ಊರು. ಅವರ ಗುಡಿಯ ಮೇಲೆ ಒಂದು ಮರದ ಶಿಲುಬೆ, ಬಾಗಿಲ ಪಕ್ಕ ಒಂದು ಗಂಟೆ. ಗುರುಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುವರು. ಉಳಿದ ದಿನ ಜಪ ಹೇಳಿಸುವುದು, ಜಗಳ ಬಿಡಿಸುವುದು, ಸತ್ತವರನ್ನು ಮಣ್ಣು ಮಾಡುವುದು, ಎಲ್ಲ ಉಪದೇಶಿ ಚೌರಪ್ಪನ ಕೆಲಸ.

ಬಾವಿಯವರದು ಒಂದು ಪದ್ಧತಿ ಇತ್ತು. ಮಣ್ಣಿನ ಬುಟ್ಟಿ ಎಳೆಯಲು ರಾಟೆಯ ಮೇಲೆ ಒಂದು ದಪ್ಪ ಹಗ್ಗ. ಅದಲ್ಲದೆ ಬೆರಳು ದಪ್ಪದ ಇನ್ನೊಂದು ಹಗ್ಗ. ಅದರ ಒಂದು ತುದಿ ಕೆಳಗಿಳಿದವನ ಮುಂಗೈಗೆ, ಇನ್ನೊಂದು ತುದಿ ಮೇಲೆ ಕುಳಿತವರ ಕೈಗೆ. ಎಂಟಾಳುದ್ದ ಇಳಿದ ಮೇಲೆ ಕೂಗಿದ್ದು ಕೇಳುವುದಿಲ್ಲ. ಅದಕ್ಕೆ ಮೇಲಿನವರು ಜಪಸರದ ಹತ್ತು ಮಣಿ ಎಣಿಸುವರು, ಮಣಿಗೊಂದು ನಮೋ ಮರಿಯ ಜಪ ಹೇಳುವರು, ಹತ್ತು ಮುಗಿದಾಗ ಹಗ್ಗವನ್ನು ಒಂದು ಸಲ ಎಳೆಯುವರು. ಇದ್ದೀಯಾ ಎಂದು ಅದರ ಅರ್ಥ. ಕೆಳಗಿನವನು ಒಂದು ಸಲ ಎಳೆದರೆ ಇದ್ದೀನಿ ಎಂದು ಅರ್ಥ. ಮೇಲಿನಿಂದ ಬಿಡದೆ ಎಳೆದರೆ, ಏನೋ ಬೀಳುತ್ತಿದೆ, ಗೋಡೆಗೆ ಒರಗಿ ಅಲುಗಾಡದೆ ನಿಲ್ಲು ಎಂದು ಅರ್ಥ. ಹಗ್ಗ ಹಿಡಿಯುವುದು ಕೂಲಿಯವರಲ್ಲ. ಇಳಿದವನ ಮನೆಯವರೇ ಹಿಡಿಯಬೇಕು. ಹೆಂಡತಿ, ತಾಯಿ, ಒಡಹುಟ್ಟಿದವರು, ಯಾರಾದರೂ ಒಬ್ಬರು.

ಇನ್ನಾಸಪ್ಪನ ಜೊತೆ ಇಳಿಯುತ್ತಿದ್ದವನು ಗಬ್ರೇಲಪ್ಪ. ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹಗ್ಗ ಹಿಡಿಯಲು ಯಾರೂ ಇಲ್ಲದ್ದರಿಂದ ಅವನು ಹಗ್ಗವಿಲ್ಲದೆಯೇ ಇಳಿಯುವನು. ಅಂದು ಬೆಳಿಗ್ಗೆಯೂ ಸಗಾಯಮ್ಮ ಅವನನ್ನು ಕೇಳಿದಳಂತೆ, "ಗಬ್ರೇಲಣ್ಣ, ನಿಂಗೂ ಒಂದು ಹಗ್ಗ ಕಟ್ಟಿದ್ರೆ ನಾನೇ ಹಿಡೀತೀನಿ, ಎರಡು ಕೈ ಅವೆ ನಂಗೆ."

"ನಂಗ್ಯಾಕವ್ವ ಹಗ್ಗ? ನಾ ಸತ್ರೆ ಅಳೋದು ನಮ್ಮನೆ ಕತ್ತೆ ಒಂದೆಯ. ಅದೂ ಹುಲ್ಲು ಹಾಕೋರು ಸಿಕ್ಕೋಗಂಟ."

ಇನ್ನಾಸಪ್ಪ ನಕ್ಕ. ಮೊದಲು ಅವನಿಳಿದ, ಹಿಂದೆ ಗಬ್ರೇಲಪ್ಪ ಇಳಿದ. ಆ ನಗುವೇ ಸಗಾಯಮ್ಮ ಗಂಡನಿಂದ ಕೇಳಿದ ಕೊನೆಯ ಸದ್ದು.

ಹೊತ್ತು ಮಾರುದ್ದ ಏರಿತ್ತು. ಅವಳು ಏಳನೆಯ ಮಣಿಯಲ್ಲಿದ್ದಳು. ಬಾವಿಯ ಪಡುವಣ ಗೋಡೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಚೀಲದಿಂದ ರಾಗಿ ಸುರಿದ ಹಾಗೆ ಆಯಿತು, ಆಮೇಲೆ ಧೂಳು ಎದ್ದಿತು. ಗೋಡೆಯೊಳಗಿದ್ದ ಒಂದು ಬಂಡೆ ಜಾರಿ ಬಾವಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಮಣ್ಣೆಲ್ಲ ಅದರ ಮೇಲೆ ಕೂತಿತು. ಸಣ್ಣ ಹಗ್ಗ ಮಾತ್ರ ಬಂಡೆಯ ಸಂದಿನಲ್ಲಿ ಹಾದು ಕೆಳಗೆ ಹೋಗಿತ್ತು.

ಜನ ಓಡಿ ಬಂದರು. ಕೂಗಿದರು, ಅತ್ತರು, ಒಬ್ಬರನ್ನೊಬ್ಬರು ಬೈದುಕೊಂಡರು. ಸಗಾಯಮ್ಮ ಎದ್ದಿರಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ಮಣಿ ಮುಗಿಸಿ ಹಗ್ಗ ಎಳೆದಳು. ಕೆಳಗಿನಿಂದ ಹಗ್ಗ ಒಂದು ಸಲ ಎಳೆಯಿತು.

"ಬದುಕವ್ರೆ," ಅಂದಳು. ಅಷ್ಟೇ ಅಂದಳು.

ಬಂಡೆ ಅಲುಗಿಸಿದರೆ ಮೇಲಿನ ಮಣ್ಣೆಲ್ಲ ಕೆಳಗೆ ಹೋಗುತ್ತದೆ. ಅದಕ್ಕೆ ಗಂಡಸರು ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡತೊಡಗಿದರು, ಅಲ್ಲಿಂದ ಅಡ್ಡಕ್ಕೆ ಹೊಕ್ಕು ಹೋಗೋಣ ಎಂದು. ಹೆಂಗಸರು ಮಣ್ಣು ಹೊತ್ತರು. ಸಗಾಯಮ್ಮ ಬಲಗೈಯಲ್ಲಿ ಹಗ್ಗ, ಎಡಗೈಯಲ್ಲಿ ಜಪಸರ ಹಿಡಿದು ಕುಳಿತೇ ಇದ್ದಳು. ಯಾರೋ ನೀರು ಕುಡಿಸಿದರು, ಯಾರೋ ತಲೆಯ ಮೇಲೆ ಕಂಬಳಿ ಹೊದಿಸಿದರು. ಹತ್ತು ಮಣಿಗೊಂದು ಸಲ ಎಳೆದಳು. ಹತ್ತು ಮಣಿಗೊಂದು ಸಲ ಉತ್ತರ ಬಂತು.

ಬುಧವಾರ ಮಧ್ಯಾಹ್ನ ಹೊಸ ಗುಂಡಿಯ ಒಂದು ಮಗ್ಗುಲೂ ಉದುರಿತು. ಒಬ್ಬನ ಕಾಲು ಮುರಿಯಿತು. ಗಂಡಸರು ಹೆದರಿ ಮೇಲೆ ಬಂದು ಕುಳಿತರು. ಆಗ ಚೌರಪ್ಪ ಸಗಾಯಮ್ಮನ ಹತ್ತಿರ ಬಂದ. ಅವನು ಕೆಟ್ಟವನಲ್ಲ. ಎರಡು ಜೀವ ಹೋದವು ಅಂತ ಇನ್ನೂ ನಾಲ್ಕನ್ನು ಕಳುಹಿಸಬಾರದು ಎಂಬ ಯೋಚನೆ ಅವನದು.

"ಸಗಾಯಮ್ಮ, ಮಣ್ಣು ಕೂತ್ಕೊಳ್ತಾ ಇರ್ತದೆ, ಹಗ್ಗ ಎಳ್ದಂಗಾಯ್ತದೆ. ನೀನು ಅದನ್ನೇ ಅವನು ಅಂದ್ಕೊಂಡಿದ್ದೀಯ."

"ಮಣ್ಣಿಗೆ ಹತ್ತು ಎಣಿಸಕ್ಕೆ ಬತ್ತದಾ ಚೌರಪ್ಪಣ್ಣ?"

"ಕೊಡು ಇಲ್ಲಿ. ನಾನೂ ನೋಡ್ತೀನಿ."

ಅವಳು ಕೊಟ್ಟಳು. ಅವನು ಒಂದು ಸಲ ಎಳೆದ, ಕಾಯಲಿಲ್ಲ, ಮತ್ತೆ ಎಳೆದ, ಮತ್ತೆ ಮತ್ತೆ ಎಳೆದ. ಇನ್ನಾಸಪ್ಪಾ ಎಂದು ಕೂಗುತ್ತಾ ಹನ್ನೆರಡು ಸಲ ಎಳೆದನಂತೆ. ಹಗ್ಗ ಸುಮ್ಮನಿತ್ತು. ಅವನು ಅದನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡು ಗುಡಿಯ ಕಡೆ ಕೈ ಮಾಡಿದ. ಸಾವಿನ ಗಂಟೆ ಬಡಿಯತೊಡಗಿತು. ಬಾವಿಯನ್ನೇ ಸಮಾಧಿ ಮಾಡಿ ಮುಚ್ಚೋಣ, ಗುರುಗಳು ಬಂದಾಗ ಆಶೀರ್ವಾದ ಮಾಡಿಸೋಣ ಎಂದು ಹಿರಿಯರು ಮಾತಾಡಿಕೊಂಡರು.

ಸಗಾಯಮ್ಮ ಹಗ್ಗವನ್ನು ಮತ್ತೆ ಎತ್ತಿಕೊಂಡಳು. "ಹಂಗೆ ಎಳುದ್ರೆ ಅಲುಗಬೇಡ ಅಂತ ಅರ್ಥ," ಅಂದಳು. "ಅಲುಗಬೇಡ ಅಂತ ಹೇಳ್ಬುಟ್ಟು, ಯಾಕೆ ಅಲುಗ್ತಿಲ್ಲ ಅಂತೀರಲ್ಲ."

ಹತ್ತು ಮಣಿ ಎಣಿಸಿ ಎಳೆದಳು. ಉತ್ತರವಿಲ್ಲ. ಇನ್ನೂ ಹತ್ತು ಎಣಿಸಿ ಎಳೆದಳು. ಉತ್ತರವಿಲ್ಲ. ಆಗ ಅವಳ ತುಟಿ ಬಿಳಿಚಿತ್ತು ಅಂತಾರೆ. ಕೆಲವರು, ಅವಳ ಕೈಯ ಕೆಳಗೆ ಹಗ್ಗದ ಮೇಲೆ ಇನ್ನೊಂದು ಕೈ ಇತ್ತು, ಅದರಲ್ಲಿ ಶಿಲುಬೆಯ ಮೊಳೆಯ ಗಾಯವಿತ್ತು, ನಾವು ಕಣ್ಣಾರೆ ಕಂಡೆವು ಅಂತಾರೆ. ಸಗಾಯಮ್ಮ ತಾನು ಹಾಗೆ ಏನನ್ನೂ ಕಂಡೆ ಎಂದು ಯಾವತ್ತೂ ಹೇಳಲಿಲ್ಲ. ಮೂರನೆಯ ಹತ್ತು ಮುಗಿಯಿತು. ಎಳೆದಳು.

ಹಗ್ಗ ಎಳೆಯಿತು. ಸುತ್ತ ನಿಂತವರೆಲ್ಲ ನೋಡಿದರು. ಗಂಟೆ ಬಡಿಯುತ್ತಿದ್ದವನು ಅರ್ಧಕ್ಕೇ ಬಿಟ್ಟು ಓಡಿ ಬಂದ. ಗಂಡಸರು ಹಾರೆ ಗುದ್ದಲಿ ಹಿಡಿದು ಮತ್ತೆ ಇಳಿದರು. ಮೊದಲು ಇಳಿದವನು ಚೌರಪ್ಪ.

ಅವಳು ಏಳು ಹಗಲು ಏಳು ರಾತ್ರಿ ಹಗ್ಗ ಹಿಡಿದಳು ಎಂದು ಹೇಳುವವರಿದ್ದಾರೆ. ಮಂಗಳವಾರ ಬೆಳಿಗ್ಗೆಯಿಂದ ಗುರುವಾರ ಮಧ್ಯಾಹ್ನದವರೆಗೆ ಎಣಿಸಿದರೆ ಎರಡೂಕಾಲು ದಿನ. ಎರಡೂಕಾಲು ದಿನ ಕಡಿಮೆಯಾಯಿತು ಅನ್ನುವವರು ಹಗ್ಗ ಹಿಡಿದು ಕಾದವರಲ್ಲ.

ಗುರುವಾರ ಮಧ್ಯಾಹ್ನ ಅಡ್ಡ ದಾರಿ ಬಂಡೆಯ ಕೆಳಗಿನ ಪೊಳ್ಳಿಗೆ ಹೊಕ್ಕಿತು. ಬದುಕಿದ್ದವನನ್ನು ಮೇಲೆ ತಂದರು. ಮುಖವೆಲ್ಲ ಮಣ್ಣು. ಹಗ್ಗ ಅವನ ಮುಂಗೈಯಲ್ಲೇ ಇತ್ತು. ಸಗಾಯಮ್ಮ ಸೆರಗಿನಿಂದ ಆ ಮುಖ ಒರೆಸಿದಳು. ಅದು ಗಬ್ರೇಲಪ್ಪನ ಮುಖ.

ನಡೆದದ್ದನ್ನು ಗಬ್ರೇಲಪ್ಪನೇ ಹೇಳಿದ. ಇನ್ನಾಸಪ್ಪ ಎದೆಯವರೆಗೆ ಮಣ್ಣಿನಲ್ಲಿ ಸಿಕ್ಕಿದ್ದ. ಮಂಗಳವಾರ ಸಂಜೆಯವರೆಗೆ ಉತ್ತರ ಕೊಟ್ಟವನು ಅವನೇ. ಉಸಿರು ಕಿರಿದಾಗುತ್ತಿದೆ ಎಂದು ತಿಳಿದಾಗ ಹಲ್ಲಿನಿಂದ ಗಂಟು ಬಿಚ್ಚಿ, ಹಗ್ಗವನ್ನು ಗಬ್ರೇಲಪ್ಪನ ಕೈಗೆ ಕಟ್ಟಿದ. ಅವಳು ಬಿಡುವವಳಲ್ಲ, ನೀನು ಉತ್ತರ ಕೊಡುತ್ತಾ ಇರು ಎಂದ.

ಅಂದರೆ ಮಂಗಳವಾರ ಸಂಜೆಯಿಂದ ಅವಳು ಹಗ್ಗ ಹಿಡಿದದ್ದು ಇನ್ನೊಬ್ಬನಿಗೆ. ಅವಳು ಬಹಳ ಹೊತ್ತು ತನ್ನ ಕೈ ನೋಡಿಕೊಂಡಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು.

"ಹೋಗೋವಾಗ ಒಬ್ಬರೇ ಇದ್ರಾ?"

"ಇಲ್ಲ ಕಣವ್ವ. ನಾನಿದ್ದೆ. ನೀನೂ ಇದ್ದೆ. ಹಗ್ಗ ನನ್ನ ಕೈಗೆ ಕಟ್ಟಿದ್ರೂ, ಅದ್ರ ಮೇಲಿಂದ ಬೆರಳು ತಗೀಲಿಲ್ಲ ಅವನು."

ಇನ್ನಾಸಪ್ಪನನ್ನು ಗುಡಿಯ ಪಕ್ಕ ಮಣ್ಣು ಮಾಡಿದರು. ಅಂದಿನಿಂದ ನಲವತ್ತು ದಿನ ಸಗಾಯಮ್ಮ ಗುಡಿಗೆ ಹೋಗಲಿಲ್ಲ. ಜಪಸರವನ್ನು ಗೂಡಿನಲ್ಲಿಟ್ಟು ಮುಟ್ಟಲಿಲ್ಲ. ನೀನು ಪುಣ್ಯವಂತೆ, ಸರ್ವೇಶ್ವರ ನಿನ್ನ ಕೈಯಿಂದ ಒಂದು ಜೀವ ಉಳಿಸಿದ ಎಂದು ಹೆಂಗಸರು ಬಂದು ಹೇಳುವರು. ಅವರು ಹೋದ ಮೇಲೆ ಅವಳು ಬಾಗಿಲು ಹಾಕಿಕೊಳ್ಳುವಳು.

ಗುರುಗಳು ಬಂದರು, ಮಾತಾಡಿದರು, ಹೋದರು. ಕೊನೆಗೆ ಒಂದು ದಿನ ಚೌರಪ್ಪ ಬಂದ. ಹೊಸ್ತಿಲ ಹೊರಗೇ ಕುಳಿತ. ಅವನೇನೂ ಬೋಧನೆ ಮಾಡಲಿಲ್ಲ. ಅವಳೇ ಒಳಗಿನಿಂದ ಹೇಳಿದಳಂತೆ, "ಉಪದೇಶಿಗಳೇ, ನಾನು ಜಪ ಬುಟ್ಟಿಲ್ಲ. ಬಾಯಲ್ಲಿ ಹೇಳಲ್ಲ, ಅಷ್ಟೆಯ. ಒಳಗೇ ಎಳೀತಾನೇ ಇವ್ನಿ. ಆ ಕಡೆಯಿಂದ ಒಂದ್ಸಲನಾರ ಎಳೀಬೇಕಲ್ಲ. ಏನೂ ಇಲ್ಲ."

ಚೌರಪ್ಪ ಅಂದ, "ನಾನು ಎಳ್ದಾಗ್ಲೂ ಏನೂ ಬರ್ಲಿಲ್ಲ ಸಗಾಯಮ್ಮ. ಗಂಟೆ ಬಡಿಸ್ಬುಟ್ಟೆ. ಕೆಳಗೆ ಆಳು ಇದ್ದ."

ಇಷ್ಟು ಹೇಳಿ ಅವನು ಎದ್ದು ಹೋದ. ಅವನು ಊರಿನಲ್ಲಿ ಎಷ್ಟೋ ವರ್ಷ ಉಪದೇಶ ಮಾಡಿದ. ಅದರಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಇದೊಂದೇ ಅಂತಾರೆ.

ಮರುದಿನ ಬೆಳಿಗ್ಗೆ ಗಬ್ರೇಲಪ್ಪ ಬಂದು ಅದೇ ಹೊಸ್ತಿಲಲ್ಲಿ ನಿಂತ. ಬಂಡೆಯನ್ನೂ ಮಣ್ಣನ್ನೂ ಮೇಲಿನಿಂದಲೇ ತೆಗೆದಿದ್ದರು, ಆದರೆ ಗುಡಿಯ ಬಾವಿ ಅರ್ಧಕ್ಕೇ ನಿಂತಿತ್ತು. ಇಳಿಯಲು ಯಾರೂ ಒಪ್ಪಿರಲಿಲ್ಲ. ನಾನು ಇಳಿಯುತ್ತೇನೆ ಎಂದು ಅವನು ಊರವರಿಗೆ ಹೇಳಿದ್ದ. ಆದರೆ ತಮಾಷೆ ಮಾಡುವ ಮನುಷ್ಯ, ಕಾಲಿನಿಂದ ನೆಲ ಕೆರೆಯುತ್ತಾ ನಿಂತಿದ್ದ.

"ಹೆದ್ರಿಕೆ ಆಯ್ತದೆ ಕಣವ್ವ," ಅಂದ. "ಮೊದ್ಲು ಆಯ್ತಿರ್ಲಿಲ್ಲ. ಈಗ ಹಗ್ಗ ಇಲ್ದೆ ಇಳಿಯಕ್ಕಾಗಲ್ಲ. ಹಿಡಿಯೋರು ನಂಗೆ ಯಾರವ್ರೆ?"

ಸಗಾಯಮ್ಮನಿಗೆ ಆ ಬಾವಿಯನ್ನು ನೋಡುವುದೇ ಬೇಡವಾಗಿತ್ತು. ಗುಡಿಗೆ ಹೋಗುವುದೆಂದರೆ ಅದನ್ನು ದಾಟಿಯೇ ಹೋಗಬೇಕು. ನಲವತ್ತು ದಿನ ಅವಳು ಹೋಗದಿರಲು ಅದೂ ಒಂದು ಕಾರಣ. ಬಾಗಿಲು ಹಾಕಿಕೊಂಡರೆ ಗಬ್ರೇಲಪ್ಪ ತಪ್ಪು ತಿಳಿಯುತ್ತಿರಲಿಲ್ಲ, ಊರೂ ತಪ್ಪು ತಿಳಿಯುತ್ತಿರಲಿಲ್ಲ. ಅವಳು ಒಳಗೆ ಹೋದಳು. ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು. ಗೂಡಿನಿಂದ ಜಪಸರ ತೆಗೆದುಕೊಂಡಳು.

"ನಡಿ," ಅಂದಳು.

ಬಾವಿಯ ದಡದಲ್ಲಿ ಕುಳಿತು ಅವನ ಕೈಗೆ ತಾನೇ ಗಂಟು ಹಾಕಿದಳು. ಅವನು ಇಳಿದ. ಅವಳು ಹತ್ತು ಮಣಿ ಎಣಿಸಿದಳು, ಈ ಸಲ ಬಾಯಿ ಬಿಟ್ಟು ಎಣಿಸಿದಳು, ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಎಳೆದಳು. ಕೆಳಗಿನಿಂದ ಒಂದು ಎಳೆತ ಬಂತು. ಆಗ ಅವಳು ಅತ್ತಳು. ಗಂಡನನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲವಂತೆ. ಅಳುತ್ತಲೇ ಮುಂದಿನ ಹತ್ತು ಎಣಿಸಿದಳು. ಹನ್ನೊಂದನೆಯ ದಿನ ನೀರು ಬಂತು.

ಅಲ್ಲಿಂದ ಮುಂದೆ ಹಗ್ಗ ಹಿಡಿಯುವವರಿಲ್ಲದ ಯಾರೇ ಬಾವಿಗಿಳಿದರೂ ಸಗಾಯಮ್ಮನಿಗೆ ಹೇಳಿಕಳುಹಿಸುವರು. ಅವಳು ಹೋಗುವಳು. ಇಳಿಯುವವನ ಜಾತಿ ಕೇಳಲಿಲ್ಲ, ಅವನು ಯಾವ ದೇವರಿಗೆ ಕೈ ಮುಗಿಯುತ್ತಾನೆ ಎಂದೂ ಕೇಳಲಿಲ್ಲ. ನಲವತ್ತು ಊರಿನಲ್ಲಿ ಹಗ್ಗ ಹಿಡಿದಳು ಅಂತಾರೆ, ನೂರು ಊರು ಅಂತಾರೆ. ಅವಳು ಹಿಡಿದ ಹಗ್ಗ ಬೆಚ್ಚಗಿರುತ್ತಿತ್ತು ಅಂತಾರೆ. ಅವಳ ಹಗ್ಗದಲ್ಲಿ ಇಳಿದವರೆಲ್ಲ ತಿರುಗಿ ಮೇಲೆ ಬಂದರು ಅಂತಾರೆ. ಅದು ಪೂರ್ತಿ ನಿಜವಲ್ಲ. ಇಬ್ಬರು ಬರಲಿಲ್ಲ. ಆ ಇಬ್ಬರ ಮನೆಗೂ ಅವಳು ಪ್ರತಿ ವರ್ಷ ಹೋಗಿ ಒಂದು ಹಗಲು ಇದ್ದು ಬರುತ್ತಿದ್ದಳು.

ವಯಸ್ಸಾದ ಮೇಲೆ ಯಾರೋ ಅವಳನ್ನು ಕೇಳಿದರಂತೆ, ಕೆಳಗೆ ಬದುಕಿದ್ದಾನೆ ಎಂದು ಆವತ್ತು ನಿಮಗೆ ಹೇಗೆ ಗೊತ್ತಾಯಿತು ಎಂದು. ಅವಳು ಹೇಳಿದಳಂತೆ, "ಗೊತ್ತಿರ್ಲಿಲ್ಲ. ಮೇಲಿರೋರಿಗೆ ಕೆಳಗಿಂದು ಕಾಣಾಕಿಲ್ಲ, ಕೆಳಗಿರೋರಿಗೆ ಮೇಲಿಂದು ಕಾಣಾಕಿಲ್ಲ. ನನ್ನ ಹಗ್ಗನೂ ಯಾರೋ ಹಿಡ್ಕೊಂಡವ್ರೆ. ಅವರು ಬಿಡಾಕಿಲ್ಲ ಅಂತ ನಂಬಿ ನನ್ನ ಕೆಲಸ ನಾ ಮಾಡ್ದೆ."

ಈಗ ಆ ಕಡೆ ಯಾರೂ ಕೈಯಲ್ಲಿ ಬಾವಿ ತೋಡುವುದಿಲ್ಲ. ಲಾರಿಯ ಮೇಲೆ ಯಂತ್ರ ಬರುತ್ತದೆ, ಒಂದು ಹಗಲಿನಲ್ಲಿ ಕೊರೆದು ಹೋಗುತ್ತದೆ. ಆದರೆ ಸುಣ್ಣದಕೊಪ್ಪಲಿನಲ್ಲಿ ಯಾರಾದರೂ ಹಾಸಿಗೆ ಹಿಡಿದು ಮಾತು ನಿಂತರೆ, ಹಳೆಯ ಸೀರೆಯ ಅಂಚನ್ನು ಉದ್ದಕ್ಕೆ ಹರಿದು ಒಂದು ತುದಿಯನ್ನು ಅವರ ಮುಂಗೈಗೆ ಕಟ್ಟುತ್ತಾರೆ. ಇನ್ನೊಂದು ತುದಿ ಪಕ್ಕದಲ್ಲಿ ಕುಳಿತವರ ಕೈಯಲ್ಲಿರುತ್ತದೆ. ಹತ್ತು ಮಣಿಗೊಂದು ಸಲ ಮೆಲ್ಲಗೆ ಎಳೆಯುತ್ತಾರೆ. ಉತ್ತರ ಬಂದರೂ ಎಳೆಯುತ್ತಾರೆ, ಬಾರದಿದ್ದರೂ ಎಳೆಯುತ್ತಾರೆ. ಉಸಿರು ನಿಂತರೆ, ಎಣಿಸುತ್ತಿದ್ದ ಹತ್ತನ್ನು ಮುಗಿಸಿ, ಇನ್ನೊಂದು ಸಲ ಎಳೆದು, ಆಮೇಲೆ ಗಂಟು ಬಿಚ್ಚುತ್ತಾರೆ.