ಒಂದೆಲಗದ ಔಷಧಿಗೆ ಚೌಡಮ್ಮನ ಸಾಕ್ಷಿ

ಒಂದೆಲಗದ ಸಾರಕ್ಕೆ ವಿಟಮಿನ್ ಬೆರೆಸಿ ಡಾಕ್ಟರ್ ಪಂಚಾಕ್ಷರಿ ಜ್ಞಾಪಕಶಕ್ತಿಯ ಔಷಧಿ ಮಾಡಿದ್ದರು. ಪ್ರಯೋಗಕ್ಕೆಂದು ಅದನ್ನು ಕುಡಿದವರಲ್ಲಿ ಹೂ ಮಾರುವ ಚೌಡಮ್ಮನೂ ಒಬ್ಬಳು. ಔಷಧಿಯ ಗುಣ ಪರಿಶೀಲಿಸಲು ಪರೀಕ್ಷಕರು ಬರುವ ದಿನ ಬೆಳಿಗ್ಗೆಯೇ ಡಾಕ್ಟರು ಅವಳನ್ನು ಕರೆದು ಗದರಿದರು: "ಜ್ಞಾಪಕ ಚುರುಕಾಗಿದೆ ಅಂತ ಹೇಳಬೇಕು. ಇಲ್ಲಾಂದ್ರೆ ಆಸ್ಪತ್ರೆ ಗೇಟಿನ ಹತ್ತಿರ ನೀನು ಹೂ ಮಾರೋ ಹಾಗಿಲ್ಲ!"

"ಅದಕ್ಕೇನಂತೆ ಸ್ವಾಮಿ, ಹೇಳ್ತೀನಿ" ಅಂದಳು ಚೌಡಮ್ಮ.

ಪರೀಕ್ಷಕರ ಮುಂದೆ ಕೈಮುಗಿದು ನಿಂತಳು. "ಈಗ ಎಲ್ಲಾ ಕಣ್ಣಿಗೆ ಕಟ್ಟಿದಂಗೆ ನೆಪ್ಪೈತೆ ಸ್ವಾಮಿ. ಗುಣ ಕಾಣದೋರನ್ನೆಲ್ಲ ಡಾಕ್ಟ್ರು ಪ್ರಯೋಗದ ನಡುವೆನೇ ಮನೆಗೆ ಕಳಿಸಿದ್ದು ನೆಪ್ಪೈತೆ. ಬೆಳಿಗ್ಗೆ ನನ್ನನ್ನ ಹೆದರಿಸಿದ್ದೂ ನೆಪ್ಪೈತೆ."

"ಸುಳ್ಳು! ಇವಳಿಗೆ ಯಾವುದೂ ಜ್ಞಾಪಕ ಇರೋದಿಲ್ಲ!" ಎಂದು ಡಾಕ್ಟರು ಕೂಗಿಬಿಟ್ಟರು.

ಚೌಡಮ್ಮ ತಣ್ಣಗೆ ಅಂದಳು, "ಹಂಗಾದ್ರೆ ಔಷಧಿ ಕೆಲಸ ಮಾಡಿಲ್ಲ ಅಂತ ನೀವೇ ಹೇಳಿದಂಗಾಯ್ತಲ್ಲ!"

ಪರೀಕ್ಷಕರು ಬಿದ್ದು ಬಿದ್ದು ನಕ್ಕರು. ಪ್ರಯೋಗ ಮೊದಲಿನಿಂದ ಶುರುವಾಯಿತು, ಈ ಸಲ ಬೇರೆ ಡಾಕ್ಟರ ಕೈಯಲ್ಲಿ.