ಮೊಲದ ಒಂದೇ ಕೂಗು

ಹುಲಿ ಬಂದಾಗ ಕಾಡನ್ನು ಎಚ್ಚರಿಸಲು ಬೆಟ್ಟದ ಗವಿ ಒಪ್ಪಿಕೊಂಡಿತು. ತನಗೆ ಕೂಗುವಷ್ಟು ದನಿಯಿಲ್ಲದ್ದರಿಂದ ಪ್ರತಿ ಪ್ರಾಣಿಯೂ ಒಂದು ಕೂಗನ್ನು ತೆರಿಗೆಯಾಗಿ ಕೊಡಬೇಕೆಂದಿತು.

"ಎಲ್ಲರಿಗೂ ಒಂದೇ. ಇದಕ್ಕಿಂತ ನ್ಯಾಯ ಉಂಟೇ?" ಎಂದಿತು ಮುಸುವ ಕೋತಿ. ಅದರ ಗಂಟಲಲ್ಲಿ ನೂರು ಕೂಗುಗಳಿದ್ದವು. ಜಿಂಕೆಗೆ ಹತ್ತು. ತಾಯಿಮೊಲಕ್ಕೆ ಇದ್ದದ್ದೇ ಒಂದು. ಅದನ್ನೂ ನಿಯತ್ತಾಗಿ ಗವಿಯ ಬಾಯಿಗೆ ಹಾಕಿ ಬಂದಿತು.

ಮಾರನೆಯ ದಿನ ನರಿಯೊಂದು ಮೊಲದ ಮೂರು ಮರಿಗಳ ಹಿಂದೆ ಹೊಂಚಿ ನಿಂತಿತ್ತು. ದೂರದಿಂದ ಕಂಡ ತಾಯಿಮೊಲ ಬಾಯಿ ತೆರೆದರೆ ಬರೀ ಉಸಿರು ಬಂತು. ನರಿ ಕಿರಿಯದನ್ನು ಕಚ್ಚಿಕೊಂಡು ಹೋಯಿತು. ಆಗ ಬೆಟ್ಟದಲ್ಲಿ ಗವಿ, ಆ ತಾಯಿಯ ದನಿಯಲ್ಲೇ, ತಾನಾಗಿ ಚೀರಿತು.

ಮೊಲ ಗವಿಯ ಮುಂದೆ ಬಂದು ಕುಳಿತಿತು. ಕೇಳಲು ದನಿಯಿರಲಿಲ್ಲ.

"ಕಟ್ಟಳೆ ಕಟ್ಟಳೆಯೇ," ಎಂದಿತು ಮುಸುವ.

"ಕೊಟ್ಟದ್ದನ್ನು ಎಣಿಸಿದೆವು, ಉಳಿದದ್ದನ್ನು ಎಣಿಸಲಿಲ್ಲ," ಎಂದಿತು ಜಿಂಕೆ. "ಗವಿಯೇ, ಇವಳದನ್ನು ಹಿಂದಿರುಗಿಸು. ನನ್ನಿಂದ ಇನ್ನೊಂದು ತೆಗೆದುಕೋ. ಮುಸುವ ಇಪ್ಪತ್ತು ಕೊಡಲಿ."

ಮುಸುವ ಮರವೇರಿತು. ಗವಿ ಮೊಲದ ಕೂಗನ್ನು ಮರಳಿಸಿ, ಮುಸುವ ಕೊಡುವವರೆಗೆ ಯಾರನ್ನೂ ಎಚ್ಚರಿಸೆನೆಂದು ಬಾಯಿ ಮುಚ್ಚಿಕೊಂಡಿತು. ಕಾಡು ಸ್ತಬ್ಧವಾಯಿತು. ಆ ಮೌನದಲ್ಲಿ, ಗಾಳಿಯಿಲ್ಲದಿದ್ದರೂ, ಮರದ ಬುಡದ ಹುಲ್ಲು ಮೆಲ್ಲಗೆ ಸರಿದು ಹಳದಿ ಪಟ್ಟೆಯೊಂದು ಕಂಡಿತು. ಮುಸುವ ಇಪ್ಪತ್ತು ಕೂಗನ್ನೂ ಒಟ್ಟಿಗೆ ಗವಿಯತ್ತ ಎಸೆಯಿತು.

ಮೊಲ ಅದನ್ನು ಕೇಳಲು ನಿಲ್ಲಲಿಲ್ಲ. ಉಳಿದೆರಡು ಮರಿಗಳ ಬಳಿಗೆ ಓಡುತ್ತಿತ್ತು.