ಸೀರೆಯ ಆ ತುದಿ

ಒಂದಾನೊಂದು ಕಾಲದಲ್ಲಿ, ಸೋಪು ಅನ್ನೋದು ಇನ್ನೂ ಹುಟ್ಟದೇ ಇದ್ದಾಗ, ನಮ್ಮ ಸೀಮೆಯ ಒಂದೂರಲ್ಲಿ ಸಿರಿಯಕ್ಕ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂವರು ಸೊಸೆಯರು, ದ್ಯಾವಮ್ಮ, ನಿಂಗಾಜಿ, ಚೆನ್ನಿ. ಮಗಳ ಮದುವೆ ಬಂತು ಅಂತ ಸಿರಿಯಕ್ಕ ಪೆಟ್ಟಿಗೆ ತೆಗೆದರೆ ಒಳಗಿದ್ದ ಮೂರು ರೇಷ್ಮೆ ಸೀರೆಗೂ ಮುಗ್ಗು ವಾಸನೆ ಹಿಡಿದಿತ್ತಂತೆ. ಒಬ್ಬೊಬ್ಬರು ಒಂದೊಂದು ಒಗೆದು ತನ್ನಿ, ಆದರೆ ಮಟಮಟ ಮಧ್ಯಾಹ್ನ ಕೆರೆಗೆ ಒಬ್ಬರೇ ಹೋಗಬೇಡಿ ಅಂದಳಂತೆ.

ದ್ಯಾವಮ್ಮನ ಕೂಸು ಮಲಗೋದೇ ಮಧ್ಯಾಹ್ನ. ಅದು ಕಣ್ಣು ಮುಚ್ಚಿದ್ದೇ ತಡ, ಅವಳು ಒಬ್ಬಳೇ ಹೋದಳಂತೆ. ಕೆರೆಯ ಹತ್ತಿರ ಒಂದು ಕಾಗೆ ಕೂಡ ಕೂಗುತ್ತಿರಲಿಲ್ಲವಂತೆ. ಒಗೆದಳು, ಜಾಲಿಸಿದಳು, ಆಮೇಲೆ ಹಿಂಡೋಣ ಅಂದರೆ ಅಷ್ಟುದ್ದದ ಸೀರೆಗೆ ಆ ತುದಿ ಹಿಡಿಯೋರು ಬೇಕಲ್ಲ. ಯಾರಾದ್ರೂ ತುದಿ ಹಿಡೀರೇ ಅಂತ ತಮಾಷೆಗೆ ಕೂಗಿದಳಂತೆ. ನೀರೊಳಗಿದ್ದ ತುದಿ ಬಿಗಿಯಾಯ್ತಂತೆ.

ಯಾರಜ್ಜಿ ಹಿಡಿದಿದ್ದು?

ತಾಳೇ, ಹೇಳ್ತೀನಿ. ಆ ತುದಿ ಎಡಕ್ಕೆ ತಿರುಗಿತಂತೆ, ಇವಳು ಅಭ್ಯಾಸಬಲದಿಂದ ಬಲಕ್ಕೆ ತಿರುಗಿಸಿದಳಂತೆ. ಹುರಿ ಏರುತ್ತಾ ಏರುತ್ತಾ ಸೀರೆ ದಾಟಿ ಅವಳ ತೋಳಿಗೆ ಬಂತಂತೆ. ಮನೆಗೆ ಬಂದಾಗ ಸೀರೆಯ ತುಂಬ ಬಿಡಿಸಲಾಗದ ಸುಕ್ಕು, ತೋಳು ಹಿಂಡಿದ ಪಂಚೆಯ ಹಾಗೆ ಹುರಿಗಟ್ಟಿತ್ತಂತೆ. ಕೂಸು ಅತ್ತರೆ ಎತ್ತಿಕೊಳ್ಳಲಾರಳು.

ನಿಂಗಾಜಿ ಗಟ್ಟಿಗಿತ್ತಿ. ಅಕ್ಕನಿಗೆ ಕೈಲಾಗಲಿಲ್ಲ ಬಿಡಿ, ಅದ್ಯಾವಳು ನಾನೂ ನೋಡ್ತೀನಿ ಅಂತ ಮಾರನೇ ದಿನ ಹೋಗಿ, ಸೀರೆಯನ್ನು ಕಲ್ಲಿಗೆ ಬಡಿದು ಬಡಿದು ಒಗೆದು, ಬಾರೇ ಹಿಡಿಯೇ ಅಂದು ಜಗ್ಗಿ ಹಿಂಡಿದಳಂತೆ. ಸೀರೆ ಪರ್ರನೆ ಹರಿದು ಜರಿಯ ಎಳೆ ಜೋತುಬಿತ್ತು, ಅವಳ ತೋಳೂ ಹುರಿಗಟ್ಟಿತಂತೆ.

ಉಳಿದದ್ದು ಧಾರೆ ಸೀರೆ. ಹೋಗಬೇಡ್ವೇ ತಾಯಿ, ಮುಗ್ಗು ವಾಸನೆಯಲ್ಲೇ ಧಾರೆ ಎರೆಯೋಣ ಅಂತ ಸಿರಿಯಕ್ಕ ಅತ್ತಳಂತೆ. ಸೀರೆ ಹಾಳಾಗಲಿ ಅತ್ತೆ, ಅಕ್ಕಂದಿರ ತೋಳು ಹೀಗೇ ಬಿಡೋದಾ ಅಂದು ಚೆನ್ನಿ ಅದೇ ಮಧ್ಯಾಹ್ನದ ಹೊತ್ತಿಗೆ ಹೊರಟಳಂತೆ.

ಅಂಟುವಾಳದ ನೊರೆಯಲ್ಲಿ ಸೀರೆ ನೆನೆಸಿ, ಬಡಿಯದೆ ಉಜ್ಜದೆ ಅಂಗೈಯಲ್ಲಿ ಅದುಮಿ, ಜಾಲಿಸಿ ತೆಗೆದು, ಇಳಿಜಾರು ಬಂಡೆಯ ಮೇಲೆ ನೀರು ಬಸಿಯೋಕೆ ಬಿಟ್ಟಳಂತೆ. ಆಮೇಲೆ ಒಂದು ತುದಿ ನೀರಿಗೆ ಇಳಿಬಿಟ್ಟು, ಮೆಲ್ಲಗೆ, ಅಕ್ಕಾ, ಆ ತುದಿ ಹಿಡಿ ಅಂದಳಂತೆ.

ತುದಿ ಬಿಗಿಯಾಯ್ತು, ಎಡಕ್ಕೆ ತಿರುಗಿತು. ಚೆನ್ನಿ ಎದುರು ತಿರುಗಿಸಲಿಲ್ಲ. ಕೈ ಸಡಿಲ ಬಿಟ್ಟಳಂತೆ. ಈ ತುದಿಯೂ ಅದರ ಜೊತೆಗೇ ಸುಮ್ಮನೆ ತಿರುಗಿತು, ಹುರಿ ಬೀಳಲೇ ಇಲ್ಲ. ಸೋತು ಸೋತು ಅದು ನಿಂತಿತಂತೆ. ಈಗ ಕೊಡವು ಅಂದಳು, ಕೊಡವಿತು. ಅಂಚಿಗೆ ಅಂಚು ಸೇರಿಸಿ ನನ್ನ ಹತ್ತಿರ ಮಡಚಿಕೊಂಡು ಬಾ ಅಂದಳಂತೆ.

ಬಂತು, ಪುಟ್ಟೀ. ನೀರಿಂದ ಎದ್ದು, ಒಂದೊಂದು ಮಡಿಕೆಗೂ ಹತ್ತಿರ ಹತ್ತಿರ ಬಂತು. ಒಬ್ಬ ಹೆಂಗಸು. ಮುಖದ ತುಂಬ ಒದ್ದೆ ಕೂದಲು, ಹತ್ತು ಬೆರಳೂ ಹಗ್ಗದ ಹಾಗೆ ತಿರುಚಿಕೊಂಡಿದ್ದವಂತೆ. ಚೆನ್ನಿ ಭಯವಾದರೂ ಹಿಂದೆ ಸರಿಯದೆ ಆ ಹೆಂಗಸಿನ ಕೈಯಿಂದ ಮಡಿಕೆ ತೆಗೆದುಕೊಂಡಳು. ಆ ಕೈ ಮಂಜಿನಷ್ಟು ತಣ್ಣಗಿತ್ತಂತೆ.

ಯಾಕಕ್ಕಾ ಹೀಗೆ ಹಿಂಡ್ತೀಯ?

ಕೊನೇ ಹನಿ ಹೋಗೋವರೆಗೂ ಬಿಡಬೇಡ ಅಂದಿದ್ರು ನಮ್ಮತ್ತೆ. ಹಿಂಡುವಾಗಲೇ ಕಾಲು ಜಾರಿ ಇಲ್ಲಿ ಬಿದ್ದೆ. ಅವತ್ತಿಂದ ಹಿಂಡ್ತಾನೇ ಇದ್ದೀನಿ ಕಣೇ, ನೀರು ಮುಗೀತಾನೇ ಇಲ್ಲ.

ಚೆನ್ನಿಗೆ ಭಯ ಹೋಗಿ ಅಳು ಬಂತಂತೆ. ಸೀರೆಯ ಸುಕ್ಕು ನೀವುವ ಹಾಗೆ ಆ ಬೆರಳುಗಳನ್ನು ಒಂದೊಂದಾಗಿ ನೀವಿ, ಉಳಿದ ನೀರನ್ನ ನೆರಳು, ಗಾಳಿ ನೋಡಿಕೊಳ್ತವೆ, ನೀನು ಬಿಡಕ್ಕ ಅಂದಳಂತೆ. ಬಿಡಲಾ? ಅಂತ ಕೇಳಿತಂತೆ ಅದು. ಬಿಡು. ಅಷ್ಟೇ, ದಡದ ಮೇಲೆ ಒಂದು ಒದ್ದೆ ಕಲೆ ಉಳಿದು, ಅದೂ ಆರಿತಂತೆ.

ಹೊಂಗೆ ಮರದ ನೆರಳಲ್ಲಿ ಒಣಗಿದ ಸೀರೆಗೆ ಒಂದು ಗೆರೆ ಸುಕ್ಕಿಲ್ಲ, ವಾಸನೆಯೂ ಇಲ್ಲ. ಅತ್ತ ಮನೆಯಲ್ಲಿ ತೋಳುಗಳ ಹುರಿ ತಾನಾಗಿ ಬಿಚ್ಚಿ, ದ್ಯಾವಮ್ಮ ಕೂಸನ್ನು ಎತ್ತಿಕೊಂಡವಳು ಧಾರೆ ಮುಗಿದರೂ ಇಳಿಸಲಿಲ್ಲವಂತೆ.

ಕತೆ ಮಡಚಿಟ್ಟಾಯ್ತು. ಕೈ ಬಿಡೇ ಪುಟ್ಟಿ, ನಾನು ಇಲ್ಲೇ ಇರ್ತೀನಿ.